ಚಳಿಗೆ ಹಟ ಹಿಡಿದ ಕೋವಿ, ಬೆನ್ನು ಬಿಡದ ದೊಡ್ಡಣ್ಣ

ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಷ್ಯ ಮಾಸದ ಚಳಿ ಮೂಳೆಗೆ ಇಳಿಯುತ್ತಿದೆ. ಶಿವಮೊಗ್ಗದ ಮೊದಲ ಬಸ್ಸಿನ ಕಂಡಕ್ಟರ್ ಸೀಟಿ ಊದಲೂ ಬೇಸರಪಟ್ಟು ಬರೀ ತಗಡು ಬಡಿಯುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಗನ್ ಹೌಸಿನ ಹಿತ್ತಲಿನಲ್ಲಿ ಕೋವಿ ರಿಪೇರಿಯ ದೊಡ್ಡಣ್ಣ ಕಿವಿಗೆ ಮಫ್ಲರ್ ಸುತ್ತಿಕೊಂಡು, ತೊಡೆಯ ಮೇಲೆ ಕೋವಿಯೊಂದನ್ನು ಮಲಗಿಸಿಕೊಂಡು ಕೂತಿದ್ದಾರೆ. ಒಳಗೆ ಬೆಚ್ಚಗೆ ಕೂರಬಾರದೇ ಎಂದರೆ ತಲೆ ಅಲ್ಲಾಡಿಸುತ್ತಾರೆ. ಅವರಿಗಲ್ಲ, ಕೋವಿಗೆ ಚಳಿ ತಾಗಬೇಕಂತೆ.

ಮದ್ದಿಲ್ಲದ ಡಮ್ಮಿ ತೋಟಾವೊಂದನ್ನು ಹಾಕಿ, ಅದನ್ನು ನಳಿಗೆಯೊಳಗೆ ತಳ್ಳುವ ಬೋಲ್ಟನ್ನು ಹಿಂದಕ್ಕೆಳೆದು ಬಿಡುತ್ತಾರೆ. ಚಟ್ಟನೆ ಮುಂದೆ ಹೋಗಿ ಕೂರಬೇಕಾದ ಬೋಲ್ಟು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಬೇರೆ ಯಾರೇ ಆಗಿದ್ದರೂ ಹಣೆ ಚಚ್ಚಿಕೊಳ್ಳುತ್ತಿದ್ದರು. ದೊಡ್ಡಣ್ಣನ ಮುಖ ಮಾತ್ರ ಹಬ್ಬದ ಮನೆಯ ಹಾಗೆ ಅರಳುತ್ತದೆ.

“ಸಿಕ್ಕಿಬಿದ್ದೆ ನೋಡವ್ವ,” ಎಂದು ಕೋವಿಗೇ ಹೇಳುತ್ತಾರೆ. “ಇಷ್ಟು ದಿನ ಮಧ್ಯಾಹ್ನ ಬಂದು ನನ್ನ ಮುಂದೆ ಒಳ್ಳೇಕಿ ಆಗ್ತಿದ್ದೆ.”

ದೊಡ್ಡಣ್ಣ ಹುಟ್ಟಿದ್ದು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ. ಮೀಸೆ ಮೂಡುವ ಮೊದಲೇ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿ, ಆಮೇಲೆ ಅಡಿಕೆ ಸುಲಿಯುವ ಯಂತ್ರಗಳ ರಿಪೇರಿಗೆಂದು ಚನ್ನಗಿರಿಗೆ ಬಂದವರು. ಆಗ ಈ ಗನ್ ಹೌಸಿನಲ್ಲಿ ಓಬಣ್ಣ ಎಂಬ ಹಳೇ ಮೇಸ್ತ್ರಿ ಇದ್ದರು. ಯಂತ್ರದ ಹಲ್ಲಿಗೆ ಅರ ಹಾಕುತ್ತಿದ್ದ ಹುಡುಗನ ಕೈ ನೋಡಿ, ನಾಳೆಯಿಂದ ನನ್ನ ಹತ್ತಿರ ಬಾ ಅಂದರಂತೆ. ಆ ನಾಳೆ ಇನ್ನೂ ಮುಗಿದಿಲ್ಲ. ಓಬಣ್ಣ ಹೋಗಿ ಬಹಳ ಕಾಲವಾಯಿತು. ಈಗ ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಜನ ಬಂದು, ದೊಡ್ಡಣ್ಣ ಅದಾರಾ ಎಂದು ಕೇಳಿಯೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಬೋರ್ಡಿನ ಮೇಲಿರುವುದು ಲೈಸೆನ್ಸುದಾರರಾದ ತಿಪ್ಪೇರುದ್ರಸ್ವಾಮಿಯವರ ಹೆಸರು. ಅದರ ಬಗ್ಗೆ ದೊಡ್ಡಣ್ಣನಿಗೆ ತಕರಾರಿಲ್ಲ.

ಈ ಕೆಲಸಕ್ಕೂ ಸುಗ್ಗಿ ಅಂತ ಒಂದಿದೆ. ಅದು ಚುನಾವಣೆ ಮುಗಿದ ಮೇಲೆ ಬರುತ್ತದೆ. ಚುನಾವಣೆ ಘೋಷಣೆಯಾದರೆ ಬೆಳೆ ಕಾಯುವ ಕೋವಿಗಳೆಲ್ಲ ಠಾಣೆಗೆ ಜಮೆಯಾಗಬೇಕು. ಗೆದ್ದವರು ಹಾರ ಹಾಕಿಸಿಕೊಂಡು ಮೆರವಣಿಗೆ ಹೋಗುವ ಹೊತ್ತಿಗೆ, ಕೋವಿಗಳು ತುಕ್ಕು ಹೊದ್ದುಕೊಂಡು ಹೊರಗೆ ಬರುತ್ತವೆ. ಯಾವ ಪಕ್ಷ ಗೆದ್ದರೂ ಗೆಲ್ಲುವುದು ನಾನೇ ಎಂದು ದೊಡ್ಡಣ್ಣ ಆಗ ನಗುತ್ತಾರೆ.

ನಗು ಬಾರದ ದಿನಗಳೂ ಇದ್ದವು. ನಮ್ಮ ಕಡೆ ಕೋವಿಯ ಜಾಗ ದೇವರ ಮನೆ; ಆಯುಧಪೂಜೆಗೆ ಮಾತ್ರವಲ್ಲ, ಎಷ್ಟೋ ಮನೆಗಳಲ್ಲಿ ವಾರವಾರವೂ ಅದಕ್ಕೆ ಕುಂಕುಮ ಬೀಳುತ್ತದೆ. ದೊಡ್ಡಣ್ಣ ಯಾವ ಕೇರಿಯವರೆಂದು ಗೊತ್ತಾದ ಮೇಲೆ, ರಿಪೇರಿಯಾದ ಕೋವಿಗೆ ಅಂಗಡಿಯ ಬಾಗಿಲಲ್ಲೇ ನೀರು ಚಿಮುಕಿಸಿ ಒಯ್ದವರಿದ್ದಾರೆ. ಹಾಗೆ ಒಯ್ದ ಮನೆಗಳ ಕೋವಿಗಳೂ ಕೆಟ್ಟವು, ತಿರುಗಿ ಬಂದವು. “ನೀರು ಹಾಕಿದ್ರೆ ತುಕ್ಕು ಹಿಡೀತೈತೆ ಯಜಮಾನ್ರೇ ಅಂತ ಒಬ್ರಿಗೆ ಹೇಳಿದೆ. ಅಷ್ಟೇ ಹೇಳಿದ್ದು,” ಎನ್ನುತ್ತಾರೆ ದೊಡ್ಡಣ್ಣ. ಆ ಯಜಮಾನರು ಈಗ ಬಂದರೆ ದೊಡ್ಡಣ್ಣನ ಪಕ್ಕದ ಸ್ಟೂಲಿನಲ್ಲೇ ಕೂತು ಚಹಾ ಕುಡಿಯುತ್ತಾರೆ.

ಇನ್ನು ತೊಡೆಯ ಮೇಲಿನ ಕೋವಿಯ ಕಥೆ. ಇದು ಹಂದಿ ಓಡಿಸುವ ಒಂಟಿ ನಳಿಗೆಯದಲ್ಲ, ಸ್ಪರ್ಧೆಯ ಸೆಮಿ ಆಟೊಮ್ಯಾಟಿಕ್. ಒಂದು ಗುಂಡು ಹಾರಿದ ಕೂಡಲೇ ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಇನ್ನೊಂದನ್ನು ತಾನೇ ಒಳಗೆಳೆದುಕೊಳ್ಳಬೇಕು. ಇದರ ಒಡತಿ ಸವಳಂಗದ ಶಿವಲೀಲಾ, ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಆಕಾಶಕ್ಕೆ ಚಿಮ್ಮುವ ಮಣ್ಣಿನ ಬಿಲ್ಲೆಯನ್ನು ಹೊಡೆದು ಪುಡಿ ಮಾಡುವುದು ಅವರ ಆಟ. ಒಂದು ಬಿಲ್ಲೆಗೆ ಎರಡು ಗುಂಡಿನ ಅವಕಾಶ. ಮೊದಲನೆಯದು ತಪ್ಪಿದರೆ ಎರಡನೆಯದು ಮಾನ ಉಳಿಸಬೇಕು. ದೊಡ್ಡ ಸ್ಪರ್ಧಿಗಳು ಹಿಡಿಯುವ ಜೋಡಿ ನಳಿಗೆಯ ಕೋವಿ ಟ್ರ್ಯಾಕ್ಟರಿಗಿಂತ ದುಬಾರಿ. ಹಾಗಾಗಿ ಆಟ ಬಿಟ್ಟ ಹಿರಿಯರೊಬ್ಬರಿಂದ ಇದನ್ನು ಕೊಂಡಿದ್ದರು. ಇರುವುದು ಇದೊಂದೇ.

ಇದು ಎರಡನೇ ತೋಟಾ ನುಂಗುತ್ತಿರಲಿಲ್ಲ. ದಿನವೂ ಹಾಗೇ ಮಾಡಿದ್ದರೆ ಹಿಡಿಯುವುದು ಸುಲಭವಿತ್ತು. ಶನಿವಾರ ಶಾಲೆ ಮುಗಿಸಿಕೊಂಡು ಶಿವಲೀಲಾ ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರಿನಲ್ಲಿ ಬರುವರು. ದೊಡ್ಡಣ್ಣನ ಕೈಯಲ್ಲಿ ಅದು ಚಕಚಕನೆ ಕೆಲಸ ಮಾಡುವುದು. ಆದರೂ ಮುಂದಿನ ಮರದ ಹಿಡಿ ಬಿಚ್ಚಿ, ಹೊಗೆಯ ಮಸಿ ಕೆರೆದು, ಬೋಲ್ಟನ್ನು ಹಿಂದಕ್ಕೆ ತಳ್ಳುವ ಪಿಸ್ಟನ್ನಿನ ರಬ್ಬರ್ ಉಂಗುರ ಬದಲಿಸಿ ಕಳಿಸಿದರು. ತ್ಯಾವಣಿಗೆ ಹತ್ತಿರ ಗುಂಡು ಹೊಡೆಯುವ ರೇಂಜಿನಲ್ಲಿ ಅದೇ ಸಂಜೆ ಹೊಡೆದು ನೋಡಿದರೆ ಒಂದೂ ತಪ್ಪಲಿಲ್ಲ. ಮಾರನೇ ಬೆಳಿಗ್ಗೆ ಸ್ಪರ್ಧೆಯಲ್ಲಿ ಮತ್ತೆ ಕೈಕೊಟ್ಟಿತು. ಎರಡನೇ ಸಲ ದೊಡ್ಡಣ್ಣ ತೋಟಾ ಕಳಪೆ ಇರಬೇಕೆಂದು ಬೇರೆ ತೋಟಾ ತರಿಸಿದರು, ತೋಟಾ ಎತ್ತಿಕೊಡುವ ತುಂಡಿನ ಸ್ಪ್ರಿಂಗ್ ಬದಲಿಸಿದರು. ಅದೇ ರಾಗ. ರಾಜ್ಯ ಮಟ್ಟದ ಕೂಟದ ಮೊದಲ ಸುತ್ತಿನಲ್ಲೇ ಬಿಲ್ಲೆಗಳು ಕಣ್ಣೆದುರೇ ಹಾರಿಹೋದವು, ಶಿವಲೀಲಾ ಸತ್ತ ಕೋವಿ ಹಿಡಿದು ನಿಂತಿದ್ದರು.

ಮೂರನೇ ಸಲ ಬಂದಾಗ ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ದೊಡ್ಡಣ್ಣ. ಕೋವಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದರಂತೆ: “ಅಣ್ಣ, ನಿಮ್ಮ ಮೇಲೆ ನಂಬಿಕೆ ಐತೆ. ಆದ್ರೆ ಇದು ಬೆಳಿಗ್ಗೆ ಬೆಳಿಗ್ಗೆನೇ ನನ್ನ ಮಾನ ಕಳೀತೈತೆ. ರಾಷ್ಟ್ರ ಮಟ್ಟಕ್ಕೆ ಹೋಗಾಕೆ ಇನ್ನೊಂದೇ ಆಯ್ಕೆ ಸ್ಪರ್ಧೆ ಉಳಿದೈತೆ. ಅದೂ ಬೆಳಗಿನ ಮೊದಲ ಸುತ್ತು.”

ಅವತ್ತು ದೊಡ್ಡಣ್ಣನಿಗೆ ಊಟ ಸೇರಲಿಲ್ಲ. ರೊಟ್ಟಿ ಮುರಿಯುವುದೂ ಇಲ್ಲ, ತಟ್ಟೆ ಬಿಡುವುದೂ ಇಲ್ಲ. ಹೆಂಡತಿ ಸುಂಕಲಮ್ಮ ನೋಡುವಷ್ಟು ನೋಡಿ, ಕೋವಿ ಕೆಟ್ಟೈತೋ ನೀವು ಕೆಟ್ಟೀರೋ ಎಂದು ಕೇಳಿಯೇ ಬಿಟ್ಟರು. ಆಗ ದೊಡ್ಡಣ್ಣನಿಗೆ ಶಿವಲೀಲಾ ಎರಡೆರಡು ಸಲ ಹೇಳಿದ ಮಾತು ತಲೆಯೊಳಗೆ ತಿರುಗತೊಡಗಿತು: ಬೆಳಿಗ್ಗೆ. ಛೆ, ತಾವು ಈ ಕೋವಿಯನ್ನು ಒಂದು ದಿನವೂ ಬೆಳಿಗ್ಗೆ ಮುಟ್ಟಿಯೇ ಇಲ್ಲ. ಕೈ ತೊಳೆದವರೇ ತಿಪ್ಪೇರುದ್ರಸ್ವಾಮಿಯವರ ಮನೆಗೆ ಹೋಗಿ, ನಾಳೆ ಕೋಳಿ ಕೂಗುವ ಹೊತ್ತಿಗೆ ಅಂಗಡಿಯಲ್ಲಿ ಕೋವಿ ಇಡುವ ಭದ್ರಕೋಣೆಯ ಬೀಗ ತೆಗೆಯಬೇಕೆಂದು ಕೇಳಿಕೊಂಡರು. ಸ್ವಾಮಿಯವರು ಗೊಣಗಿದರು, ಬಂದರು.

ಅದೇ ಈ ಬೆಳಗು. ದೊಡ್ಡಣ್ಣ ಈಗ ಕೋವಿಯ ಹಿಂದಿನ ಮರದ ಹಿಡಿಯನ್ನು ಬಿಚ್ಚುತ್ತಾರೆ. ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗು ಆ ಮರದೊಳಗಿನ ಕೊಳವೆಯಲ್ಲಿದೆ. ಹಿಂದೆ ಎರಡು ಸಲವೂ ಇದನ್ನು ಬಿಚ್ಚಿರಲಿಲ್ಲ. ಬೋಲ್ಟು ಸಲೀಸಾಗಿ ಓಡುವಾಗ ಹಿಂದೆ ಯಾಕೆ ಕೈಹಾಕಲಿ ಅಂದುಕೊಂಡೆ, ಅಲ್ಲೇ ನಾನು ಮುಗ್ಗರಿಸಿದ್ದು ಎಂದು ಮುಚ್ಚುಮರೆ ಇಲ್ಲದೆ ಒಪ್ಪಿಕೊಳ್ಳುತ್ತಾರೆ. ಸ್ಪ್ರಿಂಗನ್ನು ಎಳೆದರೆ ಮೈತುಂಬ ಬೆಣ್ಣೆಯಂಥ ಬಿಳೀ ಮೆತ್ತು, ನಡುವೆ ಅಲ್ಲಲ್ಲಿ ಕೆಂಪು. ಬೆರಳಿಗೆ ಹಚ್ಚಿ ಮೂಸುತ್ತಾರೆ. ಕೊಬ್ಬರಿ ಎಣ್ಣೆ, ಕುಂಕುಮ. ಬಿಸಿಲಿಗೆ ನೀರಾಗುತ್ತದೆ, ಚಳಿಗೆ ಗಟ್ಟಿಯಾಗಿ ಸ್ಪ್ರಿಂಗಿನ ಕುತ್ತಿಗೆ ಹಿಡಿಯುತ್ತದೆ.

ಫೋನು ಹೋದ ಮೇಲೆ ಶಿವಲೀಲಾ ತಮ್ಮ ತಾಯಿ ಬಂಗಾರಮ್ಮನವರನ್ನೇ ಕರೆದುಕೊಂಡು ಬರುತ್ತಾರೆ. ಬಂಗಾರಮ್ಮ ಏನನ್ನೂ ಮುಚ್ಚಿಡುವುದಿಲ್ಲ. ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಮಗಳು ಗೆಲ್ಲಲಿ ಎಂದು ಬೇಡಿಕೊಂಡು, ಕೋವಿಗೆ ಕುಂಕುಮವಿಟ್ಟು, ಬೋಲ್ಟಿನ ಬಾಯಿಗೆ ಒಂದು ಚಮಚ ಎಣ್ಣೆ ಬಿಟ್ಟು, ದೇವರ ಮನೆಯ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ ಬೀಗ ಹಾಕುತ್ತಾರೆ. ನೆಟ್ಟಗೆ ನಿಂತ ಕೋವಿಯಲ್ಲಿ ಎಣ್ಣೆ ಎಲ್ಲಿಗೆ ಇಳಿಯಬೇಕು? ಹಿಂದಿನ ಕೊಳವೆಗೇ.

ಇದನ್ನು ಯಾರು ಹೇಳಿಕೊಟ್ಟರು ತಾಯೀ ಎಂದು ದೊಡ್ಡಣ್ಣ ಕೇಳುತ್ತಾರೆ. ಬಂಗಾರಮ್ಮ ಕಣ್ಣರಳಿಸಿ ನೋಡುತ್ತಾರೆ.

“ನೀವೇ ಹೇಳಿದ್ರಲ್ಲಣ್ಣ. ನಮ್ಮ ಯಜಮಾನ್ರ ಒಂಟಿ ನಳಿಗೆ ಕೋವಿ ತಂದಾಗ, ಬೇರೆ ಎಣ್ಣೆ ಸಿಗದಿದ್ರೆ ಕೊಬ್ಬರಿ ಎಣ್ಣೆನೇ ಬಿಡವ್ವ, ತುಕ್ಕು ಹಿಡಿಯಲ್ಲ ಅಂದ್ರಿ.”

ಹೌದು, ಹೇಳಿದ್ದಾರೆ. ಬಂಗಾರಮ್ಮನಿಗೊಬ್ಬರಿಗೇ ಅಲ್ಲ, ಹೊನ್ನಾಳಿ, ನ್ಯಾಮತಿಯ ಅರ್ಧ ಕೋವಿಗಳಿಗೆ ದೊಡ್ಡಣ್ಣ ಕೊಟ್ಟ ಮನೆಮದ್ದೇ ಇದು. ನಳಿಗೆಯನ್ನು ಕೈಯಿಂದ ಬಗ್ಗಿಸಿ ತೆರೆದು ತೋಟಾ ತುಂಬುವ ಹಳೇ ಕೋವಿಗೆ ಅದರಿಂದ ಏನೂ ಆಗದು. ಮನೆಗೆ ಹೊಸ ಜಾತಿಯ ಕೋವಿ ಬಂದಿದೆ, ಆದರೆ ಹಳೇ ಮಾತನ್ನು ಯಾರೂ ವಾಪಸು ಪಡೆದಿರಲಿಲ್ಲ. ದೊಡ್ಡಣ್ಣನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿದೆ. ಅಷ್ಟರಲ್ಲಿ ಬಂಗಾರಮ್ಮನಿಗೇ ಅಳು ಬರುತ್ತದೆ. ಮಗಳ ಆಟವನ್ನು ಕೈಯಾರೆ ಕೆಡಿಸಿದೆನಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

“ನೀವು ಕೆಡಿಸಿಲ್ಲವ್ವ, ನಾನು ಹೇಳಿದ್ದನ್ನ ಮಾಡೀರಿ,” ಎನ್ನುತ್ತಾರೆ ದೊಡ್ಡಣ್ಣ. “ಪೂಜೆ ಬಿಡಬ್ಯಾಡ್ರಿ. ಇನ್ಮ್ಯಾಲೆ ಕುಂಕುಮ ಕೋವಿ ಚೀಲಕ್ಕೆ ಹಚ್ರಿ. ಎಣ್ಣೆ ದೀಪಕ್ಕೆ ಹಾಕ್ರಿ.”

ಶಿವಲೀಲಾ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡುತ್ತಾರೆ. ದೊಡ್ಡಣ್ಣ ಕೊಳವೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ, ಸ್ಪ್ರಿಂಗ್ ಹೊಸದು ಹಾಕಿ, ತೆಳ್ಳಗಿನ ಗನ್ ಎಣ್ಣೆಯನ್ನು ಬಟ್ಟೆಗೆ ತಾಗಿಸಿ ಸವರುತ್ತಾರೆ. ಆಮೇಲೂ ಸಮಾಧಾನವಿಲ್ಲ. ಸ್ಪರ್ಧೆಯವರೆಗಿನ ಅಷ್ಟೂ ಬೆಳಗು ಚಳಿಯಲ್ಲಿ ಕೂತು ಬೋಲ್ಟು ಎಳೆದು ಬಿಟ್ಟು, ಎಳೆದು ಬಿಟ್ಟು ನೋಡುತ್ತಾರೆ. ಸ್ವಾಮಿಯವರ ಗೊಣಗಾಟವೂ ಅಭ್ಯಾಸವಾಗುತ್ತದೆ.

ಆಯ್ಕೆಯ ದಿನ ದೊಡ್ಡಣ್ಣ ಇಸ್ತ್ರಿ ಅಂಗಿ ತೊಟ್ಟು ರೇಂಜಿಗೆ ಬಂದಿದ್ದಾರೆ. ಇಷ್ಟು ವರ್ಷ ಕೋವಿ ರಿಪೇರಿ ಮಾಡಿದ ಮನುಷ್ಯ ಸ್ಪರ್ಧೆಯೊಂದನ್ನು ನೋಡುತ್ತಿರುವುದು ಇದೇ ಮೊದಲು. ಮಂಜು ಇನ್ನೂ ಹುಲ್ಲಿನ ಮೇಲಿದೆ. ಜನ ಹಗ್ಗದ ಈಚೆ ನಿಂತು ಶಾಲು ಹೊದ್ದುಕೊಂಡಿದ್ದಾರೆ. ಶಿವಲೀಲಾ ಚೀಲದ ಜಿಪ್ ಎಳೆಯುತ್ತಾರೆ. ಚೀಲದ ಮೇಲೆ ಕುಂಕುಮ ಎದ್ದು ಕಾಣುತ್ತದೆ. ಮೊದಲ ಬಿಲ್ಲೆ ಚಿಮ್ಮುತ್ತದೆ. ಮೊದಲ ಗುಂಡು ತಪ್ಪುತ್ತದೆ. ದೊಡ್ಡಣ್ಣ ಮಫ್ಲರಿನ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೇ ಗುಂಡಿನ ಸದ್ದು.

ಅಲ್ಲಿಂದಾಚೆಗೆ ಕೋವಿ ಒಂದು ಸಲವೂ ತಡವರಿಸುವುದಿಲ್ಲ. ಕೊನೆಗೆ ಮೈಕಿನಲ್ಲಿ ಆಯ್ಕೆಯಾದವರ ಹೆಸರು ಕೂಗುತ್ತಾರೆ. ಶಿವಲೀಲಾ ಹೆಸರು ಬಂದಾಗ ಬಂಗಾರಮ್ಮ ಪಕ್ಕದವರನ್ನೆಲ್ಲ ತಬ್ಬಿಕೊಳ್ಳುತ್ತಾರೆ. ಶಿವಲೀಲಾ ಓಡಿಬಂದು, ಆ ಮೊದಲನೇ ಬಿಲ್ಲೆ ಪುಡಿಪುಡಿಯಾಗಿದ್ದು ನೋಡಿದಿರಾ ಅಣ್ಣ ಎಂದು ಕೇಳುತ್ತಾರೆ. ದೊಡ್ಡಣ್ಣ ಸಂಕೋಚದಿಂದ ತಲೆ ಕೆರೆದುಕೊಳ್ಳುತ್ತಾರೆ. ಕಣ್ಣು ಮಾತ್ರ ಹೊಳೆಯುತ್ತಿದೆ.

“ಇಲ್ಲವ್ವ, ಬಿಲ್ಲೆ ಕಡೆ ನಾನು ನೋಡ್ಲೇ ಇಲ್ಲ. ಖಾಲಿ ತೋಟಾ ಹೊರಗೆ ಬಿತ್ತು, ಎರಡನೇದು ಒಳಗೆ ಹೋತು. ನಾನು ನೋಡಾಕೆ ಬಂದಿದ್ದು ಅದನ್ನ.”