ಅಂಚು ಕತ್ತರಿಸಿದ ಪುಸ್ತಕ

ಮಾಸ್ತರರ ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ ತುಂಡು ಇರುತ್ತಿತ್ತು. ಹೆಬ್ಬೆರಳಿಗಿಂತ ಗಿಡ್ಡದು, ಕಚ್ಚಿ ಕಚ್ಚಿ ಅದರ ಹಿಂಬದಿ ನಾರು ಬಿಟ್ಟಿತ್ತು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅವರ ಬಗ್ಗೆ ಬರೆಯಬೇಕೆಂದು ಹಿಂದೆ ಮೂರು ನಾಲ್ಕು ಸಲ ಕೂತಿದ್ದೇನೆ. ಪ್ರತಿ ಸಲವೂ ಈ ಪೆನ್ಸಿಲಿನವರೆಗೆ ಬಂದು ಎದ್ದುಬಿಟ್ಟಿದ್ದೇನೆ. ಮುಂದಿನದನ್ನು ಹೇಳಲು ನಾಚಿಕೆ. ಈಗಲೂ ನಾಚಿಕೆಯೇ, ಆದರೆ ವಯಸ್ಸು ಎಂಬತ್ತು ದಾಟಿತು.

ನಾನು ಅಮೆರಿಕದ ಈ ಶೋರ್‌ಲೈನ್ ಎಂಬ ಊರಿಗೆ, ಮಗಳ ಮನೆಗೆ ಬಂದದ್ದು ಎರಡು ಸಾವಿರದ ಮೂರರಲ್ಲೋ ನಾಲ್ಕರಲ್ಲೋ. ಬೇಲಿಯಾಚೆಯ ಮನೆಯಲ್ಲಿ ಮಾಸ್ತರರೂ ಅವರ ತಂಗಿಯೂ ಇದ್ದರು. ಫಿಲಿಪ್ಪೀನ್ಸಿನ ಉತ್ತರದ ಒಂದು ಸಣ್ಣ ಊರಿನವರು. ತಂಗಿ ನರ್ಸ್ ಆಗಿ ಬಂದು, ನಿವೃತ್ತರಾದ ಮೇಲೆ ಅಣ್ಣನನ್ನು ಕರೆಸಿಕೊಂಡಿದ್ದರು. ಅಣ್ಣನನ್ನು ಅವರು ಕರೆಯುತ್ತಿದ್ದದ್ದು ‘ಮನೋಂಗ್’ ಎಂದು; ಅವರ ಭಾಷೆಯಲ್ಲಿ ಹಿರಿಯ ಅಣ್ಣ. ಊರ ಶಾಲೆಯಲ್ಲಿ ಕಲಿಸಿದವರೆಂದು ತಿಳಿದ ಮೇಲೆ ನನ್ನ ಬಾಯಿಗೆ ಮಾಸ್ತರರು ಎಂದೇ ಬಂತು.

ಅವರ ಮನೆಯ ಬಾಗಿಲಲ್ಲಿ ನಿಂತರೆ ಸಾಕು, ಒಳಗಿನಿಂದ “ಮಂಗಾನ್!” ಎಂದು ಕೂಗುತ್ತಿದ್ದರು. ಊಟಕ್ಕೆ ಬನ್ನಿ ಎಂದರ್ಥ. ನನಗಾಗಿ ತಂಗಿ ಶಾವಿಗೆಯನ್ನು ಬೇರೆ ಬಾಣಲೆಯಲ್ಲಿ ಮಾಡುತ್ತಿದ್ದರು. “ನಿಮ್ಮ ದೆಸೆಯಿಂದ ಸೀಗಡಿ ಬಿಟ್ಟು ಮಾಡಿದ್ದೀನಿ. ನಮ್ಮಮ್ಮ ನೋಡಿದ್ದರೆ ಸೌಟಿನಲ್ಲಿ ಹೊಡೆಯುತ್ತಿದ್ದಳು,” ಎಂದು ನಗುತ್ತಿದ್ದರು.

ಮಾಸ್ತರರು ತಮ್ಮ ಊರಿನ ಚರಿತ್ರೆ ಬರೆಯುತ್ತಿದ್ದರು. ಇಪ್ಪತ್ತು ವರ್ಷಗಳಿಂದ. ಚರ್ಚಿನಿಂದ ದೂರ ಬಯಲಿನಲ್ಲಿ ಒಂಟಿಯಾಗಿ ನಿಂತ ಗಂಟೆಗೋಪುರ, ಹೊಗೆಸೊಪ್ಪು ಒಣಗಿಸುವ ಮನೆಗಳು, ಹಬ್ಬದ ದಿನ ತುತ್ತೂರಿ ಊದುತ್ತ ಉಳಿದ ದಿನಗಳಲ್ಲಿ ಶವದ ಪೆಟ್ಟಿಗೆ ಮಾಡುತ್ತಿದ್ದ ಬಡಗಿ, ನೆರೆ ಬಂದ ವರ್ಷ ಊರವರೆಲ್ಲ ಒಂದೇ ಅಟ್ಟದ ಮೇಲೆ ಅಡುಗೆ ಮಾಡಿ ಉಂಡದ್ದು. ಶಾಲೆಯ ಹಾಳೆ, ಕ್ಯಾಲೆಂಡರಿನ ಬೆನ್ನು, ಯಾವುದು ಸಿಕ್ಕರೆ ಅದರ ಮೇಲೆ ಬರೆದಿದ್ದರು. ಪ್ರತಿ ಹಾಳೆಯ ಹೊರ ಅಂಚಿಗೆ ಒತ್ತಿ ಪೆನ್ಸಿಲಿನಲ್ಲಿ ಒಂದು ಹೆಸರು: ಆ ಸಂಗತಿಯನ್ನು ಹೇಳಿದವರದು. “ಯಾರು ಹೇಳಿದರು ಅನ್ನೋದು ಇಲ್ಲದಿದ್ದರೆ ಅದು ಊರಿನ ಚರಿತ್ರೆಯಲ್ಲ, ಗಾಳಿಮಾತು,” ಅನ್ನುತ್ತಿದ್ದರು. ಹೇಳಿದವರಲ್ಲಿ ಬಹಳ ಜನ ತೀರಿಹೋಗಿದ್ದರು.

ಯುದ್ಧಕಾಲದ ಒಂದು ಹಾಳೆಯ ಬಗ್ಗೆ ಅಣ್ಣ ತಂಗಿಗೆ ಜಗಳವಿತ್ತು. ಊರವರು ಬಚ್ಚಿಟ್ಟಿದ್ದ ಅಕ್ಕಿಯನ್ನು ಸೈನಿಕರಿಗೆ ತೋರಿಸಿಕೊಟ್ಟವನು ಯಾರೆಂದು ಒಬ್ಬ ಮುದುಕಿ ಹೇಳಿದ್ದಳು. ಅಂಚಿನಲ್ಲಿ ಅವಳ ಹೆಸರಿತ್ತು.

“ಆ ಹೆಸರು ಅಳಿಸಿಬಿಡು, ಮನೋಂಗ್. ಅವಳ ಮೊಮ್ಮಕ್ಕಳೂ ಅವನ ಮೊಮ್ಮಕ್ಕಳೂ ಇಲ್ಲೇ ಇದ್ದಾರೆ. ಭಾನುವಾರ ಚರ್ಚಿನಲ್ಲಿ ನಾನು ಅವರ ಮುಖ ನೋಡಬೇಕು.”

“ನೀನು ಮುಖ ನೋಡಿಕೋ. ನಾನು ಬರೀತೀನಿ.”

ನಾನಿದ್ದಾಗ ಅವರು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು; ಈ ಮಾತೂ ನನ್ನೆದುರೇ ಆಯಿತು. ಆ ಶಾವಿಗೆ ತಿನ್ನುತ್ತ ಕೇಳಿಸಿಕೊಂಡಿದ್ದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗದಗಿನ ಒಂದು ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಬೈಂಡಿಂಗ್ ಮಾಡಿದವನು. ಅದು ಗೊತ್ತಾದ ದಿನ ಮಾಸ್ತರರು ನನ್ನ ಎರಡೂ ಕೈ ಹಿಡಿದುಕೊಂಡರು. ಮರುದಿನ ತಂಗಿ ಹಾಳೆಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತಂದುಕೊಟ್ಟರು. ಮಾಸ್ತರರು ಬೇಲಿಯ ಮೇಲಿಂದ ನಿಧಾನವಾಗಿ, ನನಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳಿದರು: “ಏನನ್ನೂ ಕತ್ತರಿಸಬೇಡಿ. ಹೇಗಿದೆಯೋ ಹಾಗೇ ಹೊಲಿಯಿರಿ.” ತಲೆಯಾಡಿಸಿದೆ.

“ಅಪ್ಪಾ, ಗ್ಯಾರೇಜಿನಾಗ ಕಾರ್ ಇಡಾಕ ಜಾಗಾ ಇಲ್ಲದಂಗ ಮಾಡೀರಿ,” ಎಂದಳು ಮಗಳು. ಆದರೂ ಅವಳಿಗೆ ಖುಷಿಯಾಗಿತ್ತು. ನನ್ನ ಕೈಗೆ ಕೆಲಸ ಸಿಕ್ಕಿತ್ತಲ್ಲ. ಮೈದಾ ಕಾಸಿ ಅಂಟು ಮಾಡಿದೆ. ತೂತು ಹಾಕಿ ಹೊಲಿದೆ. ಹೊಲಿದು ನೋಡಿದರೆ ಅಂಚು ಹಲ್ಲು ಉದುರಿದ ಬಾಯಿಯ ಹಾಗೆ ಏರುಪೇರು. ಆ ಮೂವತ್ತೆಂಟು ವರ್ಷಗಳಲ್ಲಿ ಅಂಚು ಸಮ ಮಾಡದ ಪುಸ್ತಕ ನನ್ನ ಕೈಯಿಂದ ಹೊರಗೆ ಹೋದದ್ದಿಲ್ಲ. ಕಟ್ಟುವ ಪುಸ್ತಕವನ್ನು ಬೈಂಡರ್ ಓದಬಾರದು, ಓದಿದರೆ ಕೆಲಸ ಸಾಗುವುದಿಲ್ಲ ಎಂದು ನಮ್ಮ ಮಾಲೀಕರು ಕಲಿಸಿದ್ದರು. ಎರಡು ಹಲಗೆಗಳ ನಡುವೆ ಬಿಗಿದು, ಉಕ್ಕಿನ ಪಟ್ಟಿ ಇಟ್ಟು, ಬ್ಲೇಡು ಎಳೆದೆ. ಚೂರುಗಳ ಮೇಲೆ ಪೆನ್ಸಿಲಿನ ಅಕ್ಷರಗಳು ಕಂಡವು. ಕಂಡವು ಎಂದೇ ಬರೆಯುತ್ತಿದ್ದೇನೆ. ಕೈ ನಿಲ್ಲಿಸಲಿಲ್ಲ. ಅಂಚು ಅಷ್ಟು ಚೆನ್ನಾಗಿ ಬರುತ್ತಿತ್ತು.

ನೀಲಿ ರಟ್ಟು ಹಾಕಿ ಒಯ್ದುಕೊಟ್ಟೆ. ಮಾಸ್ತರರು ಮೊದಲು ಅಂಚಿನ ಮೇಲೆ ಬೆರಳಾಡಿಸಿದರು. ತೆರೆದರು. ಒಂದು ಹಾಳೆ, ಇನ್ನೊಂದು ಹಾಳೆ, ಆಮೇಲೆ ನಡುವಿನದು.

“ಹೆಸರುಗಳು ಎಲ್ಲಿ?”

ಕತ್ತರಿಸಿದ ಚೂರುಗಳು ಆಗ ಗ್ಯಾರೇಜಿನಲ್ಲಿ ಒಂದು ಚೀಲದಲ್ಲಿದ್ದವು. ಹೊಂದಿಸಿ ಕೂತಿದ್ದರೆ ಯಾವ ಚೂರು ಯಾವ ಹಾಳೆಯದೆಂದು ಸಿಗುತ್ತಿತ್ತು. ಅದು ನನಗೆ ಗೊತ್ತಿತ್ತು. ನನ್ನ ಬಾಯಿಂದ ಬಂದದ್ದು: “ನನ್ನ ಕೈಗೆ ಬಂದದ್ದೇ ಹೀಗೆ, ಮಾಸ್ತರರೇ. ನಾನು ಬರೀ ಹೊಲಿದೆ.”

ಅವರು ನನ್ನನ್ನು ನೋಡಲಿಲ್ಲ. ಒಲೆಯ ಹತ್ತಿರ ನಿಂತಿದ್ದ ತಂಗಿಯ ಕಡೆ ತಿರುಗಿದರು.

“ನಾನು ಮುಟ್ಟಿಲ್ಲ, ಮನೋಂಗ್.”

“ಒಂದು ಹೆಸರಿಗಾಗಿ ಊರನ್ನೆಲ್ಲ ಕತ್ತರಿಸಿದೆಯಾ?”

“ದೇವರಾಣೆ ಮುಟ್ಟಿಲ್ಲ.”

ನಾನು ಚಪ್ಪಲಿ ಹಾಕಿಕೊಂಡು ಹೊರಬಂದೆ. ಮನೆಗೆ ಬಂದು ಆ ಚೀಲವನ್ನು ರದ್ದಿಯ ಡಬ್ಬಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಲಾರಿ ಬಂದು ಒಯ್ದಿತು. ಕಿಟಕಿಯಲ್ಲಿ ನಿಂತು ನೋಡಿದೆ.

ಆ ಚಳಿಗಾಲದಲ್ಲೇ ತಂಗಿ ಮನೆ ಬಿಟ್ಟು ಟಕೋಮಾದಲ್ಲಿದ್ದ ಗೆಳತಿಯ ಹತ್ತಿರ ಹೋದರು. ಮಾಸ್ತರರು ನೆನಪಿದ್ದಷ್ಟು ಹೆಸರುಗಳನ್ನು ಮತ್ತೆ ಬರೆಯತೊಡಗಿದರು. ನಾನು ಹೋದಾಗಲೆಲ್ಲ “ಮಂಗಾನ್” ಎಂದು ಬ್ರೆಡ್ಡು, ಬಾಳೆಹಣ್ಣು ಮುಂದಿಡುತ್ತಿದ್ದರು. ಒಮ್ಮೆ, “ತುತ್ತೂರಿಯವನ ಸಂಗತಿ ಹೇಳಿದ್ದು ಅವನ ಹೆಂಡತಿಯೋ, ಅತ್ತಿಗೆಯೋ? ತಂಗಿಗೆ ಗೊತ್ತಿರುತ್ತದೆ,” ಎಂದರು. ಫೋನು ಪಕ್ಕದಲ್ಲೇ ಇತ್ತು. ಮಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕಾಲುಭಾಗವೂ ಮುಗಿಯುವ ಮುಂಚೆ, ಎರಡನೆಯ ವರ್ಷ, ಅವರು ತೀರಿಹೋದರು.

ಅಂತ್ಯಕ್ರಿಯೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಅವರ ತಂಗಿಯೇ ಬಡಿಸುತ್ತಿದ್ದರು. ನನ್ನನ್ನು ಕಂಡು, “ನಿಮ್ಮದು ಬೇರೆ ಇಟ್ಟಿದ್ದೀನಿ,” ಎಂದು ಮುಚ್ಚಿಟ್ಟಿದ್ದ ತಟ್ಟೆಯೊಂದನ್ನು ತಂದುಕೊಟ್ಟರು. ಸೀಗಡಿ ಇಲ್ಲದ ಶಾವಿಗೆ. ಪಕ್ಕದಲ್ಲಿ ಕೂತು ಸಣ್ಣ ದನಿಯಲ್ಲಿ ಕೇಳಿದರು: “ನೀವು ದಿನಾ ಹೋಗುತ್ತಿದ್ದಿರಲ್ಲ. ಕೊನೆಗಾದರೂ ಅಣ್ಣ ನನ್ನನ್ನು ನಂಬಿದರಾ?”

“ವಯಸ್ಸಾಗಿತ್ತು, ಮರೆತುಬಿಟ್ಟಿದ್ದರು,” ಎಂದೆ. ಎರಡನೆಯ ಸುಳ್ಳು.

ಅವರು ತಲೆಯಾಡಿಸಿ, ಮುಂದಿನವರಿಗೆ ಬಡಿಸಲು ಎದ್ದುಹೋದರು. ಟಕೋಮಾಕ್ಕೆ ಹೋಗಲು ಎರಡು ಬಸ್ಸು ಬದಲಾಯಿಸಿದರೆ ಸಾಕಿತ್ತು. ವಿಳಾಸ ನನ್ನ ಹತ್ತಿರವಿತ್ತು. ಇಷ್ಟು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ. ಮಾಸ್ತರರ ಎದುರು ತಪ್ಪೊಪ್ಪಿಕೊಳ್ಳುವ ಕಾಲ ಅವರೊಂದಿಗೇ ಹೋಯಿತು. ಕಾಲವಿದ್ದೂ ನಾನು ಕ್ಷಮೆ ಕೇಳದೆ ಉಳಿದದ್ದು ಮಾಸ್ತರರ ತಂಗಿಯ ಹತ್ತಿರ.