ವೇದಿಕೆಯ ಮೇಲೆ ಕೊಟ್ಟ ವೀಳ್ಯ

ಹೊಸ ಸರ್ಕಾರ ಬಂದು ಮೊದಲ ಬಜೆಟ್ ಓದಿದ ವರ್ಷ ನಾನು ಶಿವಾರಪಟ್ಟಣದಲ್ಲಿ ಆರು ಜನ ಕೆಲಸಗಾರರನ್ನು ಇಟ್ಟುಕೊಂಡು ಕಲ್ಲು ಕೆತ್ತನೆಯ ಶೆಡ್ ನಡೆಸುತ್ತಿದ್ದೆ. ಅದೇ ವರ್ಷ ನನ್ನ ಮೊಮ್ಮಗಳು ಹುಟ್ಟಿದಳು. ಬರೀ ಗಂಡುಮಕ್ಕಳೇ ಹುಟ್ಟಿದ್ದ ನನ್ನ ಮನೆಗೆ ಹೆಣ್ಣು ಕೂಸು! ಮಾಲೂರಿನಿಂದ ಮೈಸೂರು ಪಾಕು ತಂದು ಊರಿಗೆಲ್ಲ ಹಂಚಿದೆ, ಬಸ್ಸಿನ ಕಂಡಕ್ಟರನ್ನೂ ಬಿಡಲಿಲ್ಲ. ಅವಳಿಗೀಗ ಒಂದನೇ ಕ್ಲಾಸು. ಸ್ಲೇಟಿನ ಮೇಲೆ ಅವಳು 'ತಾತ' ಎಂದು ಬರೆದು ತೋರಿಸಿದರೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ನೆಲದ ಮೇಲೆ ಕಾಲೇ ನಿಲ್ಲುವುದಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಅವಳು ಹುಟ್ಟಿದ ಆ ವರ್ಷ ನನ್ನ ಕಣ್ಣಿಗೆ ಎಲ್ಲರೂ ಒಳ್ಳೆಯವರಾಗಿ ಕಾಣುತ್ತಿದ್ದರು. ಸರ್ಕಾರವೂ ಸೇರಿ.

ಆಗ ಬಂದ ಯೋಜನೆ ಇದು. ಜಿಲ್ಲೆಯ ಪಾರ್ಕುಗಳಲ್ಲಿ, ಕಚೇರಿಗಳ ಮುಂದೆ ಕಲ್ಲಿನ ವಿಗ್ರಹ ನಿಲ್ಲಿಸುತ್ತಾರಂತೆ, ಅದನ್ನು ನಮ್ಮಂಥ ಸ್ಥಳೀಯ ಶಿಲ್ಪಿಗಳಿಂದಲೇ ಕೊಳ್ಳುತ್ತಾರಂತೆ. ಕೆಲಸ ಬೇಗ ಆಗಲೆಂದು ಯಂತ್ರಕ್ಕೆ ಬ್ಯಾಂಕಿನಿಂದ ಸಾಲ, ಸಾಲದ ಮೇಲೆ ಸಬ್ಸಿಡಿ. ಸಬ್ಸಿಡಿ ಎಂದರೆ ಸಾಲದ ಒಂದು ಭಾಗವನ್ನು ಆಮೇಲೆ ಸರ್ಕಾರವೇ ಕಟ್ಟುವುದು. ಇದನ್ನೆಲ್ಲ ನನಗೆ ವಿವರಿಸಿದವನು ನನ್ನ ತಂಗಿಯ ಮಗ ವೆಂಕಟೇಶ. ನನ್ನ ಶೆಡ್ಡಿನಲ್ಲೇ ಉಳಿ ಹಿಡಿಯುವುದನ್ನು ಕಲಿತವನು, ಆಮೇಲೆ ಮಾಲೂರಿಗೆ ಹೋಗಿ ಪಕ್ಷದ ಓಡಾಟಕ್ಕೆ ಸೇರಿಕೊಂಡಿದ್ದ.

ಮಾಲೂರಿನಲ್ಲಿ ಯೋಜನೆಯ ಸಮಾರಂಭ ನಡೆಯಿತು. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಆಮೇಲೆ ವೆಂಕಟೇಶ ತಟ್ಟೆಯೊಂದನ್ನು ಹಿಡಿದುಕೊಂಡು ಬಂದ. ಐದು ಎಲೆ, ಎರಡು ಅಡಿಕೆ, ಒಂದು ರೂಪಾಯಿ ನಾಣ್ಯ.

"ತಗೋಳಿ ಮಾವ, ನಮ್ ಕಸುಬಿನ ಮರ್ಯಾದೆ ಪ್ರಕಾರನೇ ಕೊಡ್ತಾ ಇದೀವಿ," ಅಂದ.

ನಮ್ಮ ಕಸುಬಿನಲ್ಲಿ ವೀಳ್ಯ ಎಂದರೇನು ಎಂದು ಹೇಳಬೇಕು. ದೇವಸ್ಥಾನದವರು ವಿಗ್ರಹ ಮಾಡಿಸಬೇಕಾದರೆ ತಟ್ಟೆಯಲ್ಲಿ ವೀಳ್ಯ ತಂದು ಕೊಡುತ್ತಾರೆ. ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರೆ ಮಾತು ಮುಗಿಯಿತು. ಬರಹ ಇಲ್ಲ, ಸಹಿ ಇಲ್ಲ. ಆ ಕೆಲಸ ಮುಗಿಯುವ ತನಕ ಶಿಲ್ಪಿ ಬೇರೆ ದೊಡ್ಡ ಕೆಲಸ ಹಿಡಿಯುವುದಿಲ್ಲ, ಕೊಟ್ಟವರು ಬೇರೆ ಶಿಲ್ಪಿಯ ಮನೆ ಬಾಗಿಲಿಗೆ ಹೋಗುವುದಿಲ್ಲ. ನನ್ನ ಅಪ್ಪ ಹೀಗೆ ಬದುಕಿದ. ನಾನೂ ಹೀಗೇ ಬದುಕಿದ್ದೆ. ವೇದಿಕೆಯ ಮೇಲೆ ನಾನು ವೀಳ್ಯವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ಕೆಳಗೆ ಕೂತಿದ್ದ ನನ್ನ ಆರೂ ಜನ ಚಪ್ಪಾಳೆ ತಟ್ಟಿದರು.

ವಾರ ಕಳೆಯುವುದರೊಳಗೆ ಆವನಿಯ ಕಡೆಯಿಂದ ರೆಡ್ಡಪ್ಪನವರು ಬಂದರು. ಒಂದು ದೇವಸ್ಥಾನದ ಹಿರಿಯರು, ನನಗಿಂತ ಹತ್ತು ವರ್ಷ ದೊಡ್ಡವರು. ಬಾಗಿಲಲ್ಲಿ ನಿಲ್ಲಿಸುವ ಜೋಡಿ ದ್ವಾರಪಾಲಕರು ಬೇಕಾಗಿತ್ತು. ಆರು ಜನಕ್ಕೆ ಒಂದು ವರ್ಷದ ಅನ್ನ. ನಾನು ಕೈ ಮುಗಿದು, ಸರ್ಕಾರದ ವೀಳ್ಯ ಹಿಡಿದುಬಿಟ್ಟಿದ್ದೇನೆ ಎಂದೆ.

"ಏಮಯ್ಯಾ ಆಚಾರಿ, ಸರ್ಕಾರಾನೂ ಎಲೆ ಅಡಿಕೆ ಹಾಕ್ಕೊಳ್ಳೋಕೆ ಶುರು ಮಾಡ್ತಾ?" ಎಂದು ಅವರು ನಕ್ಕರು. ಬಲವಂತ ಮಾಡಲಿಲ್ಲ. ವೀಳ್ಯದ ಮಾತು ಬಂದ ಮೇಲೆ ಯಾರೂ ಮಾಡುವುದಿಲ್ಲ.

ಶೆಡ್ಡನ್ನು ಅಡವಿಟ್ಟು ಆರು ಲಕ್ಷ ಸಾಲ ಮಾಡಿದೆ. ಕಂಪ್ಯೂಟರಿನಿಂದ ನಡೆಯುವ ಕೆತ್ತನೆ ಯಂತ್ರ ಬಂತು. ಮಾದರಿಗೆಂದು ಮೊದಲ ವಿಗ್ರಹವನ್ನು ಮಾತ್ರ ಕೈಯಲ್ಲೇ ಕೆತ್ತಿದೆ. ರಾಗಿ ತೆನೆಯ ಮಂಕರಿ ಹೊತ್ತ ಹೆಂಗಸು. ಮುಖಕ್ಕೆ ನನ್ನ ಹೆಂಡತಿ ಕಮಲಮ್ಮನನ್ನೇ ಎದುರಿಗೆ ಕೂರಿಸಿಕೊಂಡೆ. ಭಾರದ ಓಲೆ ಹಾಕಿ ಹಾಕಿ ಅವಳ ಎಡಗಿವಿ ಹರಿದು ಎರಡು ಸೀಳಾಗಿದೆ. ಅದನ್ನೂ ಬಿಡಲಿಲ್ಲ.

"ಊರಿಗೆಲ್ಲ ನನ್ ಹರಕು ಕಿವಿ ತೋರಿಸ್ಬೇಕಾ?" ಎಂದು ಅವಳು ಬೈದಳು. ಬೈಯುತ್ತಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ವಿಗ್ರಹ ಮುಗಿದ ಮೇಲೆ ವೆಂಕಟೇಶ ಇಬ್ಬರನ್ನು ಕರೆದುಕೊಂಡು ಬಂದು ಅದರ ಮೇಲೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದುಕೊಂಡು ಹೋದ. "ಆಫೀಸರ್‌ಗೆ ತೋರಿಸ್ಬೇಕು ಮಾವ, ಕಲ್ಲು ಹೊತ್ಕೊಂಡ್ ಹೋಗೋಕಾಗ್ತದಾ?" ಅಂದ. ಅವನು ಊಟ ಮಾಡಿಕೊಂಡೇ ಹೋಗಲೆಂದು ಕಮಲಮ್ಮ ಮುದ್ದೆ, ಬಸ್ಸಾರು ಬಡಿಸಿದಳು.

ಆಮೇಲೆ ಆದೇಶ ಬರಲಿಲ್ಲ. ಕಚೇರಿಗೆ ಹೋದರೆ ಯೋಜನೆ ಮರುಪರಿಶೀಲನೆಯಲ್ಲಿದೆ ಎಂದರು. ಎಂದರೆ ನಿಂತಿದೆ, ಆದರೆ ನಿಂತಿದೆ ಎಂದು ಯಾರೂ ಹೇಳುವುದಿಲ್ಲ. ಯೋಜನೆ ನಿಂತರೆ ಸಬ್ಸಿಡಿಯೂ ನಿಲ್ಲುತ್ತದೆ. ಕಂತು ಮಾತ್ರ ಪ್ರತಿ ತಿಂಗಳು ಬರುತ್ತದೆ. ಒಂದು ವರ್ಷ ಹೇಗೋ ಎಳೆದೆ. ಆಮೇಲೆ ಕೂಲಿ ಕೊಡಲಾಗಲಿಲ್ಲ. ಆರು ಜನರೂ ಒಬ್ಬರ ಹಿಂದೆ ಒಬ್ಬರು ಹೋದರು. ಕೊನೆಗೆ ಹೋದವನು ನಾಗರಾಜ, ಇಪ್ಪತ್ತು ವರ್ಷ ನನ್ನ ಜೊತೆ ಇದ್ದವನು. ಎಲ್ಲಿಗೆ ಎಂದು ಕೇಳಿದರೆ ತಲೆ ತಗ್ಗಿಸಿಕೊಂಡು, "ಫ್ಯಾಕ್ಟ್ರಿ ಕಡೆ ಅಣ್ಣಾ," ಎಂದಿದ್ದ.

ಮೊಮ್ಮಗಳಿಗೆ ಮೂರು ತುಂಬಿದಾಗ ಬೀಗರ ಮನೆಗೆಂದು ಮುಳಬಾಗಿಲಿಗೆ ಹೋಗಿದ್ದೆವು. ಜಾರುಬಂಡೆ ಬೇಕೆಂದು ಅವಳು ಹಟ ಹಿಡಿದಳು. ಅವಳು ಕೇಳಿದರೆ ನಾನು ಇಲ್ಲ ಅಂದದ್ದೇ ಇಲ್ಲ! ಹೊಸ ಪಾರ್ಕಿಗೆ ಎತ್ತಿಕೊಂಡು ಹೋದೆ. ಬಾಗಿಲ ಪಕ್ಕದಲ್ಲೇ ಮಂಕರಿ ಹೊತ್ತ ಹೆಂಗಸು ನಿಂತಿದ್ದಳು.

ಕಮಲಮ್ಮ ಹತ್ತಿರ ಹೋಗಿ ನೋಡಿದಳು. "ಏನ್ರೀ, ನನ್ ಕಿವಿ ಇಲ್ಲೇನ್ ಮಾಡ್ತಾ ಐತೆ?"

ಮೈಗೆ ಕಲ್ಲಿನ ಬಣ್ಣ ಬಳಿದಿತ್ತು. ನಾನು ಬೆರಳಿನಿಂದ ಹೊಡೆದೆ. ಖಾಲಿ ಡ್ರಮ್ಮಿನ ಸದ್ದು ಬಂತು. ಫೈಬರ್. ಯೋಜನೆ ನಿಂತಿರಲಿಲ್ಲ, ಕಲ್ಲು ಮಾತ್ರ ನಿಂತಿತ್ತು. ಕಲ್ಲಿಗೆ ದುಡ್ಡು ಜಾಸ್ತಿ, ದಿನ ಜಾಸ್ತಿ ಎಂದು ಫೈಬರಿಗೆ ಟೆಂಡರ್ ಕರೆದಿದ್ದರು. ಟೆಂಡರ್ ಯಾರಿಗೆ ಆಯಿತೆಂದು ವಿಚಾರಿಸಿದಾಗ ಸಿಕ್ಕಿದ ಹೆಸರು ವೆಂಕಟೇಶನದು.

ಮಾರನೆಯ ದಿನ ಮಾಲೂರಿಗೆ ಹೋದೆ. ಊರಾಚೆ ತಗಡಿನ ಶೆಡ್, ಮೂಗಿಗೆ ಹೊಡೆಯುವ ವಾಸನೆ. ಸಾಲಾಗಿ ಹನ್ನೆರಡು ಜನ ಕಮಲಮ್ಮಂದಿರು ನಿಂತಿದ್ದಾರೆ, ಹನ್ನೆರಡಕ್ಕೂ ಎಡಗಿವಿ ಹರಿದಿದೆ. ಅವುಗಳ ಮೈ ಉಜ್ಜುತ್ತಿದ್ದ ಒಬ್ಬ ಮುಖದ ಬಟ್ಟೆ ಕೆಳಗಿಳಿಸಿದ. ನಾಗರಾಜ.

"ಅಣ್ಣಾ... ಮಗಳ ಫೀಸು ಕಟ್ಬೇಕಾಗಿತ್ತು."

ವೆಂಕಟೇಶ ಕುರ್ಚಿ ತಂದು ಹಾಕಿದ.

"ಕಳ್ಳ ಬಡ್ಡಿಮಗನೇ, ನಿಮ್ಮತ್ತೆ ಮುಖಾನೇ ಮಾರ್ಕೊಂಡ್ಯಲ್ಲೋ!" ಎಂದೆ.

"ಮಾವ, ಕೂಗಾಡ್ಬೇಡಿ. ಪಾಲಿಸಿ ಚೇಂಜ್ ಆಯ್ತು, ನಾನೇನ್ ಮಾಡ್ಲಿ? ನಾನ್ ಹಾಕ್ದೇ ಇದ್ದಿದ್ರೆ ಹೊರಗಿನೋರು ಹಾಕ್ತಿದ್ರು. ನಿಮ್ ಹುಡುಗ್ರಿಗೆ ಕೆಲಸ ಕೊಟ್ಟಿಲ್ವಾ? ನೀವೂ ಬನ್ನಿ, ಮಾದರಿ ಮಾಡಿಕೊಡಿ, ತಿಂಗ್ಳಾ ಸಂಬಳ ಕೊಡ್ತೀನಿ."

"ಅವತ್ತು ಎಲೆ ಅಡಿಕೆ ಕೊಟ್ಯಲ್ಲ?"

"ಅದು ಫೋಟೋಗೆ ಮಾವ."

ಟೋಪಿ ಹಾಕಿಸಿಕೊಳ್ಳುವುದು ಯಾರಿಗೂ ಹೊಸದಲ್ಲ. ಆದರೆ ವೀಳ್ಯ ಏನೆಂದು ತಿಳಿಯದ ಅಧಿಕಾರಿ ಮರೆತಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಇವನು ತಿಳಿದವನು. ನಾನು ಕಾಗದ ಕೇಳದೆ ಇರಲೆಂದೇ ವೀಳ್ಯ ಕೊಟ್ಟಿದ್ದ.

ಯಂತ್ರವನ್ನು ಅರ್ಧ ಬೆಲೆಗೆ ಮಾರಿದೆ. ಉಳಿದ ಸಾಲದ ಕಂತು ಕಟ್ಟುತ್ತಲೇ ಇದ್ದೇನೆ. ಹೋದ ವರ್ಷ ರೆಡ್ಡಪ್ಪನವರು ಮತ್ತೆ ಬಂದರು. ಆ ದ್ವಾರಪಾಲಕರ ಜಾಗ ಇನ್ನೂ ಖಾಲಿಯೇ ಇತ್ತು, ನನಗಾಗಿ ಕಾದಿದ್ದರು. ತಟ್ಟೆ ಮುಂದಿಟ್ಟರು.

ನನ್ನ ಕೈ ಮೇಲೇಳಲಿಲ್ಲ. "ಯಜಮಾನ್ರೇ, ತಪ್ಪು ತಿಳೀಬೇಡಿ. ಒಂದು ಕಾಗದದಲ್ಲಿ ಬರ್ದು ಸಹಿ ಹಾಕಿಕೊಡಿ," ಎಂದೆ.

ಅವರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಟ್ಟರು.

"ಮೋಸ ಮಾಡ್ದೋನು ನಿನ್ ತಂಗಿ ಮಗ ಆಚಾರಿ. ನೀನು ಬರೆಸ್ಕೊಂಡಿದ್ದು ನನ್ ಕೈಲಿ," ಎಂದು ಎದ್ದು ಹೋದರು. ಕಾಫಿ ಕುಡಿಯಲಿಲ್ಲ.

ಈಗ ಮತ್ತೊಂದು ಹೊಸ ಸರ್ಕಾರ ಬಂದಿದೆ. ಸಾಲ ಕೊಡ್ತಾರಂತೆ, ಕೆಲಸ ಕೊಡ್ತಾರಂತೆ, ನಂಬಬಹುದಾ ತಾತ ಎಂದು ಊರಿನ ಹುಡುಗರು ಕೇಳುತ್ತಾರೆ. ಸಾಲಕ್ಕೆ ನಿಮ್ಮ ಸಹಿ ಕೇಳುತ್ತಾರಲ್ಲ, ಕೆಲಸಕ್ಕೆ ಅವರ ಸಹಿ ಕೇಳಿ, ಅದು ಕೈಗೆ ಬರುವ ತನಕ ನೀವೂ ಸಹಿ ಹಾಕಬೇಡಿ ಎನ್ನುತ್ತೇನೆ. ಕಸುಬು ನನಗೆ ಕಲಿಸಿದ ಪಾಠ ಇದು. ಕಲಿತದ್ದಕ್ಕೆ ನನಗೆ ಹೆಮ್ಮೆಯಿಲ್ಲ. ದ್ವಾರಪಾಲಕರ ಕೆಲಸ ನಡೆಯುತ್ತಿದೆ, ನಾಗರಾಜ ವಾಪಸು ಬಂದಿದ್ದಾನೆ. ರೆಡ್ಡಪ್ಪನವರು ಮಾತ್ರ ಈಗ ಬಂದರೂ ಕಲ್ಲನ್ನು ನೋಡಿಕೊಂಡು ಹೊರಗಿನಿಂದಲೇ ಹೋಗುತ್ತಾರೆ.