ದೇವರ ಬಲಗಡೆ

ಬಸವರಾಜೇಶ್ವರಿ ಹೂ ಕೇಳದೆ ಯಾವ ಕೆಲಸಕ್ಕೂ ಕೈಹಾಕಿದವಳಲ್ಲ. ವಿನೋಬನಗರದ ಸೈಟು ಕೊಂಡದ್ದು, ಗಂಡ ರೇಣುಕಾಪ್ರಸಾದ್ ಮಾಚೇನಹಳ್ಳಿಯಲ್ಲಿ ಲೇತ್ ಮೆಷಿನ್ ಹಾಕಿದ್ದು, ಕೊನೆಗೆ ಮನೆಗೆ ಹಳದಿ ಬಣ್ಣ ಹೊಡೆಸಿದ್ದು ಕೂಡ ಭದ್ರಾವತಿಯ ತವರುಮನೆ ದೇವರು ವೀರಭದ್ರನ ಒಪ್ಪಿಗೆಯಿಂದಲೇ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಎದುರಿಗೆ ಕೂತು ಕೇಳಿಕೊಳ್ಳುವುದು. ಬಲಗಡೆಯದು ಉದುರಿದರೆ ಆಗಲಿ, ಎಡಗಡೆಯದು ಉದುರಿದರೆ ಬೇಡ. ಬಣ್ಣದ ಮಾತು ಎತ್ತಿದ ದಿನ ದೇವರಿಗೂ ಬೇಸರ ಬಂದಿರಬೇಕು, ಮಧ್ಯಾಹ್ನದವರೆಗೂ ಕಾಯಿಸಿದ.

ಈ ವರ್ಷ ಮಗಳು ಅಮೂಲ್ಯ ಎಸ್ಸೆಸ್ಸೆಲ್ಸಿ ಮುಗಿಸಿದಳು. ಪಿಯುಸಿಗೆ ಸೈನ್ಸ್ ಎಂಬುದರಲ್ಲಿ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು ಸರಿ, ಜಗಳವೆಲ್ಲ ನಾಲ್ಕನೆಯ ಸಬ್ಜೆಕ್ಟಿನದು. ಅಪ್ಪನಿಗೆ ಬಯಾಲಜಿಯೇ ಆಗಬೇಕು, ಮಗಳನ್ನು ಡಾಕ್ಟರ್ ಎಂದು ಕರೆಯುವ ಆಸೆ. ಮಗಳಿಗೆ ಎಲೆಕ್ಟ್ರಾನಿಕ್ಸ್. ಕೆಟ್ಟ ರೇಡಿಯೋ ಸಿಕ್ಕರೆ ಊಟ ಮರೆಯುವ ಹುಡುಗಿ ಅವಳು. ಅಡ್ಮಿಷನ್ನಿಗೆ ಒಂದೇ ದಿನ ಉಳಿದಾಗ ಬಸವರಾಜೇಶ್ವರಿ, "ನೀವಿಬ್ರೂ ಕಿತ್ತಾಡ್ಬೇಡಿ, ಹೂ ಕೇಳ್ಬಿಡೋಣ" ಎಂದಳು. ಅಮೂಲ್ಯ ಮುಖ ಊದಿಸಿಕೊಂಡೇ ಭದ್ರಾವತಿಯ ಬಸ್ಸು ಹತ್ತಿದಳು.

"ಬಯಾಲಜಿ ಕೊಡಿಸ್ಲಾ ಸ್ವಾಮಿ?" ಎಂದು ಗುಡಿಯಲ್ಲಿ ಮೂರ್ತಿಯ ಎದುರು ಕೂತು ರೇಣುಕಾಪ್ರಸಾದ್ ಜೋರಾಗಿಯೇ ಕೇಳಿದ. ಹೂ ಬಿತ್ತು.

"ಬಲಕ್ಕೆ! ನೋಡಿದ್ಯೇನೆ, ಬಲಕ್ಕೆ ಬಿತ್ತು!"

ಅಮೂಲ್ಯ ಕಣ್ಣೊರೆಸಿಕೊಂಡಳು. ಆಗ ಗರ್ಭಗುಡಿಯ ಒಳಗಿನಿಂದ ಪೂಜೆಯ ಅಯ್ಯನವರು ಅಂದರು, "ಯಜಮಾನ್ರೇ, ಅದು ನಿಮ್ಮ ಬಲ. ಹೂ ನೋಡ್ಬೇಕಾದ್ದು ದೇವರ ಬಲಗಡೆ. ಆತ ನಿಮ್ಮ ಕಡೆ ಮುಖ ಮಾಡಿದ್ದಾನಲ್ಲ? ಇದು ಆತನ ಎಡ. ಬೇಡ ಅಂದಿದ್ದಾನೆ."

ಈ ಅಯ್ಯನವರು ಹೊಸಬರು. ಹಿಂದೆ ಪೂಜೆ ಮಾಡುತ್ತಿದ್ದ ಅವರ ತಂದೆಗೆ ಕಿವಿ ಮಂದ. ಹೂ ಅಂಟಿಸಿ ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು, ಎಡಬಲ ನೋಡಿಕೊಳ್ಳುವುದು ಭಕ್ತರ ಪಾಲಿಗೆ ಬಿಟ್ಟದ್ದು.

"ಹಂಗಾದ್ರೆ ಲೇತು?" ರೇಣುಕಾಪ್ರಸಾದನಿಗೆ ನಗು ತಡೆಯಲಾಗಲಿಲ್ಲ. "ದೇವ್ರು ಬೇಡ ಅಂದ್ರೂ ಓಡ್ತಾನೇ ಇದೆಯಲ್ಲ ಮಾರಾಯ್ತಿ! ಸರಿ, ಇನ್ನೊಂದ್ಸಲ ಕೇಳೋಣ."

ಬಸವರಾಜೇಶ್ವರಿ ನಗಲಿಲ್ಲ. ತಾನು ಹತ್ತನೇ ಕ್ಲಾಸು ಮುಗಿಸಿದ ವರ್ಷ ಅಪ್ಪ ಏಕಾಂತಪ್ಪ ಇದೇ ಜಾಗದಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಹುಡುಗಿಯನ್ನು ಸೈನ್ಸಿಗೆ ಹಾಕಲೇ ಎಂದು ಕೇಳಿದ್ದರು. ಹೂ ಅವರ ಎಡಗಡೆಗೆ ಬಿದ್ದಿತ್ತು. ಅವಳು ಆರ್ಟ್ಸ್ ಸೇರಿದಳು. ಅತ್ತಿರಲೂ ಇಲ್ಲ, ದೇವರೇ ಬೇಡವೆಂದ ಮೇಲೆ ಅಳುವುದೇನು ಎಂದು ಇಷ್ಟು ವರ್ಷ ಸಮಾಧಾನವಾಗಿದ್ದಳು. ಈಗ ಆ ಸಮಾಧಾನವೂ ಹೋಯಿತು. ತೀರಿಹೋದ ಅಪ್ಪನ ಮೇಲೆ ಅವಳಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

"ಇನ್ನೊಂದ್ಸಲ ಕೇಳೋದು ಬೇಡ ರೀ," ಅಂದಳು. "ನನಗೂ ಇಲ್ಲೇ ಕೇಳಿದ್ರು, ಸೈನ್ಸಿಗೆ. ಆತ ಆಗ್ಲಿ ಅಂದಿದ್ದ. ನಮ್ಮಪ್ಪ ಈ ಕಡೆಯಿಂದ ನೋಡಿದ್ರು."

ರೇಣುಕಾಪ್ರಸಾದನ ನಗು ಅಲ್ಲಿಗೇ ನಿಂತಿತು. ಮದುವೆಯಾಗಿ ಇಷ್ಟು ವರ್ಷವಾದರೂ ಅವನಿಗೆ ಇದು ಗೊತ್ತಿರಲಿಲ್ಲ. ಮಗಳ ಕಡೆ ತಿರುಗಿದ. "ನಾಳೆ ಎಲೆಕ್ಟ್ರಾನಿಕ್ಸ್ ಅಂತಾನೇ ಬರೆಸು ಪುಟ್ಟಿ."

ಅಮೂಲ್ಯ ಖುಷಿಯಲ್ಲಿ ಅಮ್ಮನ ತೋಳು ಹಿಡಿದುಕೊಂಡಳು. ಕಟ್ಟೆಯ ಮೇಲೆ ಕೂತು ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದಾಗ ಕೇಳಿದಳು, "ಅಮ್ಮಾ, ಸೈನ್ಸ್ ಸಿಕ್ಕಿದ್ರೆ ನೀನು ನಾಲ್ಕನೇದು ಏನು ತಗೊಳ್ತಿದ್ದೆ?"

ಬಸವರಾಜೇಶ್ವರಿ ಮಗಳ ಕೈಯಿಂದ ಅರ್ಧ ಹಣ್ಣು ಮುರಿದುಕೊಂಡಳು.

"ನಾಲ್ಕನೇದರ ತನಕ ನನ್ನ ಆಸೆ ಹೋಗ್ಲೇ ಇಲ್ಲ ಕಣೇ" ಎಂದಳು.